ಶೀತಲೀಕೃತ ಊಟ ಮತ್ತು ತಾಯಿಯ ಮೇಲಣ ಅಪವಾದ

ದಿನವಿಡೀ ದುಡಿದು ದಣಿದ ದಂಪತಿಗಳು ಸಂಜೆ ಕತ್ತಲಾಗುವ ಹೊತ್ತಿಗೆ ಡೇ ಕೇರಿನಿಂದ ಮಕ್ಕಳನ್ನು ಕರೆದುಕೊಂಡು ಮನೆ ಸೇರಿ, ಹಸಿದು ಅಳುವ ಕೂಸನ್ನು ಸಂತೈಸುತ್ತ, ಫ್ರೀಜರಿನೊಳಗಿಂದ ಸಿದ್ಧ ಊಟದ ಪೆಟ್ಟಿಗೆಯೊಂದನ್ನು ತೆಗೆದು ಬಿಸಿಮಾಡಿ ಬಡಿಸಿದರೆ, ಅದನ್ನು ಗೃಹಧರ್ಮದ ಲೋಪವೆಂದು ಎಣಿಸುವ ಮನೋಭಾವ ನಮ್ಮಲ್ಲಿ ಇನ್ನೂ ಪ್ರಬಲವಾಗಿದೆ. ಆ ಲೋಪದ ಹೊಣೆಯನ್ನು ತಾಯಿಯೊಬ್ಬಳ ತಲೆಗೇ ಕಟ್ಟುವ ರೂಢಿಯಂತೂ ಅದಕ್ಕಿಂತ ಪ್ರಬಲವಾಗಿದೆ. ಇವೆರಡೂ ಅನ್ಯಾಯವೆಂಬುದು ನನ್ನ ದೃಢವಾದ ನಂಬಿಕೆ.

ಮೊದಲು ಶೈತ್ಯದ ವಿಚಾರ. ತುಪ್ಪುಳುಚರ್ಮದ ವ್ಯಾಪಾರಕ್ಕೆಂದು 1912ರಲ್ಲಿ ಉತ್ತರ ಅಮೆರಿಕದ ಲ್ಯಾಬ್ರಡಾರಿಗೆ ತೆರಳಿದ ಕ್ಲಾರೆನ್ಸ್ ಬರ್ಡ್ಸ್‌ಐ ಎಂಬ ಅಮೆರಿಕನ್ನನು, ಅಲ್ಲಿನ ಇನೂಯಿಟ್ ಜನರು ಹಿಡಿದ ಮೀನು ಕೊರೆಯುವ ಗಾಳಿಗೆ ನೋಡುನೋಡುತ್ತಿದ್ದಂತೆ ಕಲ್ಲಾಗುವುದನ್ನೂ, ಬಹುಕಾಲದ ತರುವಾಯ ಕರಗಿಸಿ ಬೇಯಿಸಿದಾಗಲೂ ಅದರ ರುಚಿ ಕೆಡದಿರುವುದನ್ನೂ ಕಂಡನು. ನಿಧಾನವಾಗಿ ಹೆಪ್ಪುಗಟ್ಟುವ ಪದಾರ್ಥದಲ್ಲಿ ನೀರು ದೊಡ್ಡ ದೊಡ್ಡ ಹರಳುಗಳಾಗಿ ಜೀವಕೋಶಗಳ ಭಿತ್ತಿಯನ್ನು ಸೀಳಿಬಿಡುತ್ತದೆ. ಶೀಘ್ರವಾಗಿ ಹೆಪ್ಪುಗಟ್ಟಿದಲ್ಲಿ ಹರಳುಗಳು ಸೂಕ್ಷ್ಮವಾಗಿಯೇ ಉಳಿದು, ಪದಾರ್ಥದ ರಸವೂ ಮೈಕಟ್ಟೂ ಉಳಿಯುತ್ತವೆ. ಈ ತತ್ತ್ವವನ್ನು ಆತ ಯಂತ್ರಕ್ಕಿಳಿಸಿದ ಫಲವಾಗಿ 1930ರಲ್ಲಿ ಸ್ಪ್ರಿಂಗ್‌ಫೀಲ್ಡ್ ನಗರದ ಅಂಗಡಿಗಳಲ್ಲಿ ಶೀತಲೀಕೃತ ಆಹಾರ ಮಾರಾಟಕ್ಕೆ ಬಂದಿತು. ಸೊನ್ನೆಗಿಂತ 18 ಡಿಗ್ರಿ ಸೆಲ್ಸಿಯಸ್ ಕೆಳಗೆ ಸೂಕ್ಷ್ಮಾಣುಗಳು ಸಾಯದಿದ್ದರೂ ನಿಶ್ಚೇಷ್ಟವಾಗಿ ಬಿದ್ದಿರುತ್ತವೆ. ನಮ್ಮ ಅಜ್ಜಿಯರು ಬಿಸಿಲಿನಿಂದಲೂ ಉಪ್ಪಿನಿಂದಲೂ ಎಣ್ಣೆಯಿಂದಲೂ ಸಾಧಿಸಿದ ಸಂರಕ್ಷಣೆಯನ್ನು ಶೈತ್ಯವು ಏನನ್ನೂ ಬೆರೆಸದೆ ಸಾಧಿಸುತ್ತದೆ.

ಮುಂದೆ 1954ರ ವೇಳೆಗೆ ಒಮಾಹಾದ ಸ್ವಾನ್ಸನ್ ಸಂಸ್ಥೆಯ ‘ಟಿವಿ ಡಿನ್ನರ್’ ಅಮೆರಿಕದ ಮನೆಮನೆಯನ್ನು ಹೊಕ್ಕಿತು: ಅಂಕಣಗಳಿದ್ದ ಅಲ್ಯೂಮಿನಿಯಂ ತಟ್ಟೆಯಲ್ಲಿ ಟರ್ಕಿ ಕೋಳಿಯ ಮಾಂಸ, ಬಟಾಣಿ, ಸಿಹಿಗೆಣಸು, ಬೆಲೆ 98 ಸೆಂಟು.

ದೋಷವಿರುವುದು ಶೈತ್ಯದಲ್ಲಲ್ಲ, ಇಂಥ ಪೆಟ್ಟಿಗೆಗಳಲ್ಲಿ ಅನೇಕ ವೇಳೆ ಧಾರಾಳವಾಗಿ ಬೆರೆತಿರುವ ಉಪ್ಪಿನಲ್ಲಿ. ವಯಸ್ಕರಿಗೆ ದಿನಕ್ಕೆ 5 ಗ್ರಾಮಿಗಿಂತ ಕಡಿಮೆ ಉಪ್ಪು ಸಾಕೆಂದೂ ಮಕ್ಕಳಿಗೆ ಅದಕ್ಕಿಂತಲೂ ಕಡಿಮೆ ಇರಬೇಕೆಂದೂ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಪೆಟ್ಟಿಗೆಯ ಮೇಲೆ ಸೋಡಿಯಂ 800 ಮಿಲಿಗ್ರಾಂ ಎಂದಿದ್ದರೆ ಅದನ್ನು ಎರಡೂವರೆಯಿಂದ ಗುಣಿಸಬೇಕು. ಒಂದೇ ಊಟದಲ್ಲಿ 2 ಗ್ರಾಂ ಉಪ್ಪು ಸೇರಿತೆಂದಾಯಿತು. ಪುಟ್ಟ ಮಗುವಿಗೆ ಅದು ಅತಿಯೆಂಬುದರಲ್ಲಿ ಸಂದೇಹವಿಲ್ಲ. ಇನ್ನೊಂದು ಎಚ್ಚರಿಕೆಯೂ ಉಂಟು: ಮಂಜುಗಡ್ಡೆಯು ಮೈಕ್ರೋವೇವಿನ ತರಂಗಗಳನ್ನು ನೀರಿನಷ್ಟು ಹೀರುವುದಿಲ್ಲವಾದ ಕಾರಣ, ಮೊದಲು ಕರಗಿದ ಅಂಚು ಕುದಿಯುತ್ತಿರುವಾಗಲೂ ನಡುಭಾಗ ಗಡ್ಡೆಯಾಗಿಯೇ ಉಳಿದಿರಬಹುದು. ಕಲಸಿ, ಕ್ಷಣಕಾಲ ತಡೆದು, ಮುಟ್ಟಿ ನೋಡಿದ ಮೇಲಷ್ಟೇ ಮಗುವಿನ ಬಾಯಿಗಿಡತಕ್ಕದ್ದು.

ನ್ಯೂಜೆರ್ಸಿಯಲ್ಲೋ ಕ್ಯಾಲಿಫೋರ್ನಿಯದಲ್ಲೋ ನೆಲೆಸಿದ ಕನ್ನಡ ಕುಟುಂಬಗಳ ಫ್ರೀಜರುಗಳನ್ನು ನೋಡಿದವರಿಗೆ ಮತ್ತೊಂದು ಮಾರ್ಗ ತಾನಾಗಿ ಹೊಳೆಯುತ್ತದೆ. ಅಂಗಡಿಯಿಂದ ತಂದ ಪರೋಟದ ಪಕ್ಕದಲ್ಲಿಯೇ ಅಲ್ಲಿ ತೆಂಗಿನ ತುರಿ, ನುಗ್ಗೆಕಾಯಿ, ತೊಂಡೆಕಾಯಿಗಳ ಪೊಟ್ಟಣಗಳಿರುತ್ತವೆ. ಭಾನುವಾರ ಮಾಡಿದ ಹುಳಿ, ಬೇಯಿಸಿದ ಕಡಲೆ, ಅರ್ಧ ಬೆಂದ ಚಪಾತಿ, ಸಣ್ಣ ಸಣ್ಣ ಡಬ್ಬಿಗಳಲ್ಲಿ ತಾರೀಖಿನ ಚೀಟಿ ಅಂಟಿಸಿಕೊಂಡು ಕುಳಿತಿರುತ್ತವೆ. ಬೆಂಗಳೂರಿನ ಮನೆಗಳಿಗೂ ಈ ಕ್ರಮ ಸಲ್ಲುತ್ತದೆ. ಆಲೂಗಡ್ಡೆಯ ಪಲ್ಯ ಮಾತ್ರ ಕರಗಿದಾಗ ನೀರೊಡೆದು ಹಿಟ್ಟಾಗುತ್ತದೆ, ಮೊಸರನ್ನ ಒಡೆದುಹೋಗುತ್ತದೆ. ಬೇಳೆಯ ಹುಳಿಯಾದರೋ ಒಂದು ಕುದಿ ಬಂದು ಹೊಸ ಒಗ್ಗರಣೆ ಬಿದ್ದೊಡನೆ ಎಂದಿನ ಘಮವನ್ನೇ ಬೀರುತ್ತದೆ. ಅನ್ನವನ್ನು ಇಡುವುದಾದರೆ ಗಂಟೆಗಟ್ಟಲೆ ಹೊರಗೆ ಬಿಡದೆ ಬೇಗನೆ ತಣಿಸಿಯೇ ಒಳಗಿಡಬೇಕು. ವಿದ್ಯುತ್ತು ಹೋದರೆ ಗಾಬರಿ ಬೇಡ: ತುಂಬಿದ ಫ್ರೀಜರು ಬಾಗಿಲು ತೆರೆಯದಿದ್ದರೆ ಸುಮಾರು 48 ಗಂಟೆಗಳ ಕಾಲ, ಅರ್ಧ ತುಂಬಿದ್ದಾದರೆ 24 ಗಂಟೆಗಳ ಕಾಲ ತನ್ನ ಶೈತ್ಯವನ್ನು ಕಾಪಾಡಿಕೊಳ್ಳುತ್ತದೆ.

ಆದರೆ ಆ ಭಾನುವಾರದ ಹುಳಿಯನ್ನು ಕುದಿಸುವವರು ಯಾರು? ವಾರದ ಆರು ದಿನ ಹೊರಗೆ ದುಡಿದವಳೇ ಏಳನೆಯ ದಿನ ಒಲೆಯ ಮುಂದೆ ಒಂಟಿಯಾಗಿ ನಿಲ್ಲಬೇಕಾದರೆ, ಅಂಗಡಿಯ ಪೆಟ್ಟಿಗೆಯನ್ನು ಹಳಿಯುವ ಅಧಿಕಾರ ಆ ಮನೆಯಲ್ಲಿ ಯಾರಿಗೂ ಇಲ್ಲ. ತರಕಾರಿ ಹೆಚ್ಚುವುದೂ ಡಬ್ಬಿ ತುಂಬುವುದೂ ತಂದೆಗೂ ಸೇರಿದ ಕೆಲಸ. ಭಾರತದ 2017ರ ಹೆರಿಗೆ ಸೌಲಭ್ಯ ತಿದ್ದುಪಡಿ ಕಾಯಿದೆಯು ತಾಯಿಗೆ 26 ವಾರಗಳ ರಜೆಯನ್ನು ವಿಧಿಸಿತು, 50 ಅಥವಾ ಅದಕ್ಕಿಂತ ಹೆಚ್ಚು ಮಂದಿ ನೌಕರರಿರುವ ಸಂಸ್ಥೆಗಳಲ್ಲಿ ಶಿಶುವಿಹಾರ ಇರಬೇಕೆಂದಿತು. ತಂದೆಯ ರಜೆಯನ್ನು ಕುರಿತು ಅದರಲ್ಲಿ ಒಂದಕ್ಷರವೂ ಇರಲಿಲ್ಲ. ಕೂಸನ್ನು ಸಾಕುವ ಭಾರವನ್ನು ಶಾಸನವೇ ಹೀಗೆ ಒಬ್ಬಳ ಹೆಸರಿಗೆ ಬರೆದಿರುವಾಗ, ಮನೆಯ ಗಂಡಸರು ಅಡಿಗೆಯನ್ನು ತಮ್ಮದೆಂದು ಭಾವಿಸದಿರುವುದರಲ್ಲಿ ಆಶ್ಚರ್ಯವೇನು? ಮಕ್ಕಳಿಗೆ ಬಿಸಿಯಾದ, ಹದವಾದ ಊಟ ಸಿಗಬೇಕೆಂದು ನಿಜವಾಗಿ ಹಂಬಲಿಸುವವರು ಹೆರಿಗೆ ರಜೆಯ ಶಾಸನವನ್ನು ತಿದ್ದಿರೆಂದೂ, ತಂದೆತಾಯಿಗಳಿಬ್ಬರನ್ನೂ ಹೊತ್ತು ಮುಳುಗುವ ಮೊದಲು ಮನೆಗೆ ಬಿಡಿರೆಂದೂ ಸರಕಾರವನ್ನೂ ಕಛೇರಿಗಳ ಒಡೆಯರನ್ನೂ ಕೇಳಬೇಕು.