ಯಂತ್ರದ ಬಾಗಿಲಲ್ಲಿ ನಮ್ಮ ಒತ್ತಕ್ಷರ

ಜೀಡಿಮೆಟ್ಲಾದ ಕಾರ್ಖಾನೆಗಳಿಗೆ ಹೋಗುವ ನಮ್ಮ ಹುಡುಗರಿಗೆ ಈಗ ಗಣಕಯಂತ್ರದ ಸಹವಾಸ ಹೊಸದೇನಲ್ಲ. ಕೀಲಿ ಒತ್ತಿದೊಡನೆ ಅಕ್ಷರ ನೇರವಾಗಿ ತೆರೆಯ ಮೇಲೆ ಮೂಡಿದಂತೆ ಕಾಣುತ್ತದೆ. ಆದರೆ ನಡುವೆ ಆಪರೇಟಿಂಗ್ ಸಿಸ್ಟಮ್ ಎಂಬ ಪಾರುಪತ್ಯಗಾರನಿದ್ದಾನೆ. ಬಂದ ಅಕ್ಷರವನ್ನು ತಾನು ಇಸಿದುಕೊಂಡು ತೆರೆಗೆ ಮರಳಿಸುವವನು ಅವನೇ. ಪಾಸ್‌ವರ್ಡ್ ಕೇಳುವಾಗ ಮಾತ್ರ ಮರಳಿಸದೆ ಸುಮ್ಮನಿರುತ್ತಾನೆ. ಎಂಟರ್ ಒತ್ತುವವರೆಗೆ ಸಾಲನ್ನು ತಡೆದಿಟ್ಟು ತಪ್ಪು ತಿದ್ದಲು ಅವಕಾಶವನ್ನೂ ಕೊಡುತ್ತಾನೆ. 1969ರಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ಹುಟ್ಟಿದ ಯೂನಿಕ್ಸಿಗೆ ಟೆಲಿಟೈಪ್ ಯಂತ್ರವೇ ಬಾಗಿಲಾಗಿತ್ತು. ಅದರ ಗುರುತಾದ ‘ಟಿಟಿವೈ’ ಎಂಬ ಹೆಸರು ಲಿನಕ್ಸಿನಲ್ಲಿ ಇಂದಿಗೂ ಉಂಟು.

ಅದು ಇಂಗ್ಲಿಷ್ ಅಕ್ಷರದ ಅಳತೆಗೆ ಇಟ್ಟ ಬಾಗಿಲು. ‘ಕನ್ನಡ’ ನಮಗೆ ಮೂರಕ್ಷರ. ಯುಟಿಎಫ್-8 ಲೆಕ್ಕದಲ್ಲಿ ಐದು ಸಂಕೇತ, 15 ಬೈಟು. ಮೊದಲು ಅಳಿಸುವ ಕೀಲಿ ಒಂದು ಬೈಟನ್ನಷ್ಟೇ ಕಿತ್ತು ಅಕ್ಷರವನ್ನೇ ಮುರಿದಿಡುತ್ತಿತ್ತು. 2004ರಲ್ಲಿ ಇಡೀ ಸಂಕೇತವನ್ನು ಅಳಿಸುವ ಬುದ್ಧಿ ಲಿನಕ್ಸಿಗೆ ಬಂತು. ಆದರೂ ಆ ಸಾಲಿನಲ್ಲಿ ‘ನ್ನ’ ಅಳಿಸಲು ಮೂರು ಸಲ ಒತ್ತಬೇಕು. ಒತ್ತಕ್ಷರವೂ ಒಂದೇ ಅಕ್ಷರವೆಂಬ ಅರಿವು ಪಾರುಪತ್ಯಗಾರನಿಗಿಲ್ಲ.

ಅದನ್ನು ಅವನಿಗೆ ಕಲಿಸಬೇಕಾದವರು ಕನ್ನಡ ಬಲ್ಲ ಎಂಜಿನಿಯರುಗಳೇ ಅಲ್ಲವೆ? ಪರಊರಿನಲ್ಲಿದ್ದೇವೆಂದು ಮಕ್ಕಳಿಗೆ ಒತ್ತಕ್ಷರ ತಿದ್ದಿಸುವುದನ್ನು ನಾವು ಬಿಡದಿರೋಣ.