ಮಲ ನೋಡದೆ ಬರೆದ ಮಾತ್ರೆ

ಭೇದಿ, ಹೊಟ್ಟೆನುಲಿತ ಎಂದು ಒಪಿಗೆ ಬಂದವರಿಗೆ ಮಲ ಪರೀಕ್ಷೆ ಮಾಡಿಸದೆ ಮೆಟ್ರೋನಿಡಜೋಲ್ ಬರೆದು ಸಾಗಹಾಕುವ ರೂಢಿ ತಪ್ಪು. ಸಾಲು ಉದ್ದವಿತ್ತೆಂಬ ಸಮಜಾಯಿಷಿ ಒಪ್ಪತಕ್ಕದ್ದಲ್ಲ. ಎರಡು ದಿನದ ಸಾದಾ ಭೇದಿಗೆ ಸಾಮಾನ್ಯವಾಗಿ ಒಆರ್‌ಎಸ್ ಸಾಕು. ಆದರೆ ಮಲದಲ್ಲಿ ರಕ್ತ, ಲೋಳೆ ಕಂಡರೆ, ಭೇದಿ 14 ದಿನ ದಾಟಿದರೆ, ಮಗು ಸೊರಗುತ್ತಿದ್ದರೆ ಸ್ಲೈಡ್ ನೋಡಲೇಬೇಕು. ಮುರಕಲ್ಲಿನ ನೆಲ, ಮನೆಗೊಂದು ತೆರೆದ ಬಾವಿ, ಅನತಿ ದೂರದಲ್ಲೇ ಕಕ್ಕಸುಗುಂಡಿ ಇರುವ ಕಾಸರಗೋಡಿನಲ್ಲಂತೂ ಇದು ಐಚ್ಛಿಕವಲ್ಲ.

ಪರೀಕ್ಷೆಗೆ ಬೇಕಾದದ್ದು ಒಂದು ಹನಿ ಸಲೈನ್, ಒಂದು ಹನಿ ಅಯೋಡಿನ್, ಒಂದಿಷ್ಟು ತಾಳ್ಮೆ. ನೀರಾದ ಮಲವನ್ನು ಅರ್ಧ ಗಂಟೆಯೊಳಗೆ ನೋಡಬೇಕು. ತಡವಾದರೆ ಅಮೀಬಾ ಚಲನೆ ನಿಂತು ಅಳಿದುಹೋಗುತ್ತದೆ. ಮುಳ್ಳೇರಿಯದಿಂದ ಬಸ್ಸಿನಲ್ಲಿ ಡಬ್ಬಿ ಹಿಡಿದು ಬಂದವರಿಗೆ ‘ಏನೂ ಇಲ್ಲ’ ಎಂದು ವರದಿ ಕೊಟ್ಟರೆ ಅದಕ್ಕೆ ಬೆಲೆಯೇನು? ಜಿಯಾರ್ಡಿಯಾ ದಿನವೂ ಮಲದಲ್ಲಿ ಸಿಗುವುದಿಲ್ಲ. ಬೇರೆ ಬೇರೆ ದಿನದ ಮೂರು ಮಾದರಿ ಬೇಕು. ಇನ್ನು, ಕಂಡದ್ದೆಲ್ಲ ರೋಗವೂ ಅಲ್ಲ. ಆಮಶಂಕೆ ತರುವ ಎಂಟಮೀಬಾ ಹಿಸ್ಟೊಲಿಟಿಕಾದ ಕೋಶ (ಸಿಸ್ಟ್), ನಿರಪಾಯಿ ಎಂಟಮೀಬಾ ಡಿಸ್ಪಾರ್‌ನ ಕೋಶ, ಎರಡೂ ಸೂಕ್ಷ್ಮದರ್ಶಕದಡಿ ಒಂದೇ ತರ. ಲಕ್ಷಣವಿಲ್ಲದವರಿಗೆ ಬರೀ ಕೋಶ ಕಂಡಿತೆಂದು ಔಷಧ ಕೊಡಬಾರದೆಂದು ವಿಶ್ವ ಆರೋಗ್ಯ ಸಂಸ್ಥೆಯ ತಜ್ಞರು 1997ರಲ್ಲೇ ಹೇಳಿದ್ದಾರೆ.

ಕ್ರಿಪ್ಟೊಸ್ಪೊರಿಡಿಯಂ ಎಂಬ ಪರಾವಲಂಬಿ ಇನ್ನೂ ಕಳ್ಳ. ಗಾತ್ರ 4ರಿಂದ 6 ಮೈಕ್ರೋಮೀಟರ್. ಸಾದಾ ಸ್ಲೈಡಿನಲ್ಲಿ ಕಣ್ತಪ್ಪುತ್ತದೆ, ಕ್ಲೋರಿನ್ನಿಗೆ ಜಗ್ಗದು, ಮೆಟ್ರೋನಿಡಜೋಲಿಗೂ ಬಗ್ಗದು. 1993ರಲ್ಲಿ ಅಮೆರಿಕದ ಮಿಲ್ವಾಕಿಯಲ್ಲಿ ನಲ್ಲಿ ನೀರಿನ ಮೂಲಕ ಸುಮಾರು 4 ಲಕ್ಷ ಜನರನ್ನು ಮಲಗಿಸಿದ್ದು ಇದೇ. ಅದನ್ನು ಹಿಡಿಯುವ ಆಸಿಡ್-ಫಾಸ್ಟ್ ವಿಧಾನದ ಕೆಂಪು ಬಣ್ಣ, ಕಾರ್ಬಾಲ್ ಫುಕ್ಸಿನ್, ಕ್ಷಯದ ಕಫ ಪರೀಕ್ಷೆಯಿಂದಾಗಿ ನಮ್ಮ ಲ್ಯಾಬುಗಳಿಗೆ ಹಳೆಯ ಪರಿಚಯ. ಮಲಕ್ಕೂ ಅದನ್ನು ಹಾಕಿ ನೋಡಿ ಎಂದು ಚೀಟಿಯಲ್ಲಿ ಬರೆಯುವವರು ಬೇಕು, ಅಷ್ಟೆ.

ಡಬ್ಬಿಗೆ ಮೂತ್ರ ಬೆರೆಸಬಾರದು, ಕೂಡಲೇ ತಲುಪಿಸಬೇಕು ಎಂಬ ಸೂಚನೆ ಕನ್ನಡದಲ್ಲೂ ಇರಲಿ. ಇಲ್ಲಿನ ಕನ್ನಡಿಗರು ಸರಕಾರದೊಡನೆ ತಮ್ಮ ಭಾಷೆಯಲ್ಲಿ ವ್ಯವಹರಿಸಬಹುದೆಂದು ಕೇರಳದ 1969ರ ಭಾಷಾ ಕಾನೂನೇ ಹೇಳಿರುವಾಗ ಇದೇನೂ ಔದಾರ್ಯವಲ್ಲ.

ಉಕ್ಕಿನಡ್ಕದ ವೈದ್ಯಕೀಯ ಕಾಲೇಜಿಗೆ ಶಿಲಾನ್ಯಾಸವಾದದ್ದು 2013ರಲ್ಲಿ, ಒಪಿ ತೆರೆದದ್ದು 2022ರಲ್ಲಿ, 50 ಎಂಬಿಬಿಎಸ್ ಸೀಟು ಸಿಕ್ಕಿದ್ದು 2025ರಲ್ಲಿ. ಸ್ಲೈಡಿನಲ್ಲಿ ತಿಳಿಯದ್ದನ್ನು ಹಿಡಿಯುವ ಆಂಟಿಜನ್, ಪಿಸಿಆರ್ ಪರೀಕ್ಷೆ ಜಿಲ್ಲೆಯ ಎಲ್ಲ ಒಪಿಗಳ ಮಾದರಿಗೆ ಅಲ್ಲೇ ಆಗಬೇಕು. ಮಲದ ಡಬ್ಬಿಗಾಗಿ ತಲಪಾಡಿ ದಾಟಿ ಮಂಗಳೂರಿಗೆ ಹೋಗುವ ಗತಿ ಮುಂದಿನ ಮಳೆಗಾಲದ ರೋಗಿಗೆ ಬರಕೂಡದು.