ಯಕೃತ್ತಿನ ಉಗ್ರಾಣದಲ್ಲಿ ಕಬ್ಬಿಣದ ಲೆಕ್ಕ

ವಿಜಯಪುರ ಜಿಲ್ಲೆಯ ಕಳ್ಳಕವಟಗಿ, ತಿಕೋಟಾ ಕಡೆಯ ದ್ರಾಕ್ಷಿ ಬೆಳೆಗಾರರಿಗೆ ಕಬ್ಬಿಣ, ಸತು, ತಾಮ್ರಗಳ ಪರಿಚಯ ಹೊಸದಲ್ಲ. ಸುಣ್ಣದ ಅಂಶ ಹೆಚ್ಚಿರುವ ಎರೆಭೂಮಿಯಲ್ಲಿ ಕಬ್ಬಿಣವಿದ್ದರೂ ಅದು ಬಳ್ಳಿಗೆ ದಕ್ಕುವುದಿಲ್ಲ. ಎಳೆಯ ಎಲೆಗಳು ಹಳದಿಯಾಗುತ್ತವೆ. ಮಣ್ಣನ್ನೂ ಎಲೆಯ ತೊಟ್ಟನ್ನೂ ಪರೀಕ್ಷೆ ಮಾಡಿಸಿ, ಬೇಕಾದಷ್ಟನ್ನೇ ಕೊಡುವುದು ಜಾಣ ಬೆಳೆಗಾರನ ರೂಢಿ. ಹೆಚ್ಚಾದರೆ ಎಲೆಯೇ ಸುಡುತ್ತದೆಂದು ಅವನಿಗೆ ಗೊತ್ತು. ಆದರೆ ಮನೆಯಲ್ಲಿ ಯಾರಾದರೂ ತಿಂಗಳುಗಟ್ಟಲೆ ಸುಸ್ತು ಎಂದರೆ ಈ ಜಾಣತನ ಮರೆತುಹೋಗುತ್ತದೆ. ‘ರಕ್ತ ಕಡಿಮಿ ಆಗೇತಿ’ ಎಂದು ಔಷಧದ ಅಂಗಡಿಯಿಂದ ಕಬ್ಬಿಣದ ಟಾನಿಕ್ಕು ಬರುತ್ತದೆ. ಸುಸ್ತಿಗೆ ಕಾರಣ ಯಕೃತ್ತಿನಲ್ಲಿ ಅಡಗಿದ ವೈರಸ್ ಆಗಿದ್ದರೆ, ಈ ಟಾನಿಕ್ಕು ಉಪಕಾರಕ್ಕಿಂತ ಅಪಕಾರವನ್ನೇ ಮಾಡಬಹುದು.

ಕಾಮಣಿಗಳೆಲ್ಲ ಒಂದೇ ಅಲ್ಲ. ಹೊಲಸು ನೀರಿನಿಂದ ಬರುವ ಹೆಪಟೈಟಿಸ್ ‘ಎ’ ಮತ್ತು ‘ಇ’ ಸಾಮಾನ್ಯವಾಗಿ ಕೆಲವು ವಾರಗಳಲ್ಲಿ ತಾವಾಗಿಯೇ ವಾಸಿಯಾಗುತ್ತವೆ. ರಕ್ತದ ಮೂಲಕ ಹರಡುವ ‘ಬಿ’ ಮತ್ತು ‘ಸಿ’ ಹಾಗಲ್ಲ. ಅವು ಕಣ್ಣು ಹಳದಿಯಾಗಿಸದೆಯೇ ಹತ್ತಾರು ವರ್ಷ ಯಕೃತ್ತಿನಲ್ಲಿ ಮನೆಮಾಡಿಕೊಂಡಿರಬಲ್ಲವು.

ವಯಸ್ಕರ ದೇಹದಲ್ಲಿರುವ ಕಬ್ಬಿಣ 3ರಿಂದ 4 ಗ್ರಾಂ ಮಾತ್ರ. ಬಹುಪಾಲು ರಕ್ತದಲ್ಲಿರುತ್ತದೆ, ಉಳಿದುದರಲ್ಲಿ ಹೆಚ್ಚಿನದಕ್ಕೆ ಯಕೃತ್ತೇ ಉಗ್ರಾಣ. ಈ ಉಗ್ರಾಣಕ್ಕೆ ಒಬ್ಬ ಕಾವಲುಗಾರನೂ ಇದ್ದಾನೆ. ಯಕೃತ್ತೇ ತಯಾರಿಸುವ ಹೆಪ್ಸಿಡಿನ್ ಎಂಬ ಹಾರ್ಮೋನು, ದಾಸ್ತಾನು ತುಂಬಿದಾಗ ಕರುಳಿನಿಂದ ಕಬ್ಬಿಣ ಒಳಬರುವುದನ್ನು ತಡೆಯುತ್ತದೆ. ‘ಸಿ’ ವೈರಸ್ ಈ ಹಾರ್ಮೋನಿನ ತಯಾರಿಕೆಯನ್ನು ಕುಗ್ಗಿಸುತ್ತದೆ. ಕಾವಲುಗಾರ ತೂಕಡಿಸಿದಂತೆ! ಬಾಗಿಲು ತೆರೆದೇ ಇರುತ್ತದೆ, ಕಬ್ಬಿಣ ಒಳಬರುತ್ತಲೇ ಇರುತ್ತದೆ.

ಹಾಗೆ ಕೂಡಿದ ಕಬ್ಬಿಣ ಸುಮ್ಮನಿರುವುದಿಲ್ಲ. ಜೀವಕೋಶಗಳಲ್ಲಿ ಹುಟ್ಟುವ ಹೈಡ್ರೋಜನ್ ಪೆರಾಕ್ಸೈಡ್ ಜೊತೆ ವರ್ತಿಸಿ, ಕಂಡದ್ದನ್ನೆಲ್ಲ ಕೆಡಿಸುವ ಹೈಡ್ರಾಕ್ಸಿಲ್ ಕಣಗಳನ್ನು ಹುಟ್ಟಿಸುತ್ತದೆ. ವೈರಸ್ಸಿನಿಂದ ಬಳಲಿದ ಯಕೃತ್ತಿಗೆ ಇದು ಗಾಯದ ಮೇಲಿನ ಬರೆ. ಗಾಯಗಳು ಕಲೆಗಟ್ಟುತ್ತ ಹೋದರೆ ಕೊನೆಗೆ ಸಿರೋಸಿಸ್.

ಚಿಕಿತ್ಸೆಯ ಕಾಲದಲ್ಲಿ ಈ ಲೆಕ್ಕ ಇನ್ನೂ ಸೂಕ್ಷ್ಮವಾಗುತ್ತದೆ. ‘ಸಿ’ ವೈರಸ್ಸನ್ನು ವಿಜ್ಞಾನಿಗಳು ಗುರುತಿಸಿದ್ದು 1989ರಲ್ಲಿ. ಆಗಿನ ಮದ್ದು ಇಂಟರ್‌ಫೆರಾನ್ ಚುಚ್ಚುಮದ್ದು. ಯಕೃತ್ತಿನಲ್ಲಿ ಕಬ್ಬಿಣ ಹೆಚ್ಚಿದ್ದ ರೋಗಿಗಳಲ್ಲಿ ಅದರ ಫಲ ಕಡಿಮೆಯೆಂದು 1990ರ ದಶಕದಲ್ಲಿ ವೈದ್ಯರು ಗಮನಿಸಿದರು. ಜಪಾನಿನಲ್ಲಿ ರೋಗಿಗಳ ರಕ್ತವನ್ನು ಆಗಾಗ ಸ್ವಲ್ಪ ಸ್ವಲ್ಪ ಹೊರತೆಗೆದು ಕಬ್ಬಿಣ ಇಳಿಸಿದಾಗ ಯಕೃತ್ತಿನ ಉರಿಯೂತ ತಗ್ಗಿತು. ಮುಂದೆ ಇಂಟರ್‌ಫೆರಾನ್ ಜೊತೆಗೆ ರೈಬಾವಿರಿನ್ ಗುಳಿಗೆ ಬಂತು. ಅದು ಕೆಂಪು ರಕ್ತಕಣಗಳಲ್ಲಿ ಶೇಖರವಾಗಿ ಅವನ್ನು ಒಡೆಯುತ್ತದೆ. ಹಿಮೋಗ್ಲೋಬಿನ್ ಇಳಿಯುತ್ತದೆ, ಒಡೆದ ಕಣಗಳ ಕಬ್ಬಿಣವೋ ಯಕೃತ್ತನ್ನು ಸೇರುತ್ತದೆ. ರೋಗಿ ಬಿಳಿಚಿಕೊಂಡಿರುತ್ತಾನೆ, ಆದರೆ ಅವನಿಗೆ ಕಬ್ಬಿಣದ ಕೊರತೆಯಿರುವುದಿಲ್ಲ! ಇಲ್ಲಿ ಬೇಕಾದದ್ದು ಗುಳಿಗೆಯ ಪ್ರಮಾಣದ ಮರುಲೆಕ್ಕ, ಟಾನಿಕ್ಕಲ್ಲ.

ಉಳಿದ ಲೋಹಗಳ ನಡತೆ ಬೇರೆಯೇ. ಬೇಡವಾದ ತಾಮ್ರವನ್ನು ಯಕೃತ್ತು ಪಿತ್ತರಸದೊಡನೆ ಹೊರಹಾಕುತ್ತದೆ. ಪಿತ್ತದ ಹರಿವು ತಡೆದರೆ ತಾಮ್ರ ಒಳಗೇ ಉಳಿಯುತ್ತದೆ. ಸತುವಿನ ಕಥೆ ತಿರುವುಮುರುವು. ಸಿರೋಸಿಸ್ ರೋಗಿಗಳಲ್ಲಿ ಅದು ಮೂತ್ರದೊಡನೆ ಸೋರಿಹೋಗಿ ಕೊರತೆ ಬೀಳುವುದುಂಟು. ಒಂದು ಹೆಚ್ಚು, ಇನ್ನೊಂದು ಕಡಿಮೆ. ಆದ್ದರಿಂದಲೇ ಎಲ್ಲ ಲೋಹಗಳನ್ನೂ ಕೂಡಿಸಿದ ‘ಶಕ್ತಿ ಗುಳಿಗೆ’ಯನ್ನು ಕಣ್ಣುಮುಚ್ಚಿ ನುಂಗುವುದು ಜಾಣತನವಲ್ಲ.

ಈಗ ಚಿಕಿತ್ಸೆ ಸುಲಭವಾಗಿದೆ. 2013ರ ಕೊನೆಯಲ್ಲಿ ಅಮೆರಿಕದಲ್ಲಿ ಅನುಮತಿ ಪಡೆದ ಸೋಫಾಸ್ಬುವಿರ್ ಮತ್ತು ಅದರ ಜೊತೆಗಾರ ಗುಳಿಗೆಗಳಿಂದ, ಸಾಮಾನ್ಯವಾಗಿ 12 ವಾರಗಳಲ್ಲಿ, 100ರಲ್ಲಿ 95ಕ್ಕೂ ಹೆಚ್ಚು ಮಂದಿಯಲ್ಲಿ ‘ಸಿ’ ವೈರಸ್ ಅಳಿಯುತ್ತದೆ. ವೈರಸ್ ಹೋದರೆ ಕಾವಲುಗಾರನೂ ಎಚ್ಚರಗೊಳ್ಳುತ್ತಾನೆ. ‘ಬಿ’ ವೈರಸ್ಸನ್ನು ಬೇರುಸಹಿತ ಕೀಳುವುದು ಇನ್ನೂ ಅಪರೂಪ, ಗುಳಿಗೆಯಿಂದ ಹದ್ದಿನಲ್ಲಿಡಬಹುದು. ಮಗು ಹುಟ್ಟಿದ 24 ಗಂಟೆಯೊಳಗೆ ಲಸಿಕೆ ಹಾಕಿಸಿದರೆ ‘ಬಿ’ ಬಾರದಂತೆಯೇ ತಡೆಯಬಹುದು. 2018ರ ಜುಲೈ 28ರಂದು ಆರಂಭವಾದ ರಾಷ್ಟ್ರೀಯ ಕಾರ್ಯಕ್ರಮದಡಿ ಈ ಎರಡರ ಪರೀಕ್ಷೆ ಮತ್ತು ಔಷಧ ಉಚಿತ.

ಹಾಗೆಂದು ರೊಟ್ಟಿ, ಸೊಪ್ಪು ಬಿಡಬೇಕಾಗಿಲ್ಲ. ಜೋಳದ ಕಬ್ಬಿಣದಲ್ಲಿ ದೇಹ ಹೀರುವುದೇ ಸ್ವಲ್ಪ. ಗರ್ಭಿಣಿಯರು ವೈದ್ಯರು ಕೊಟ್ಟ ಕಬ್ಬಿಣದ ಮಾತ್ರೆಯನ್ನು ನಿಲ್ಲಿಸಲೂಬಾರದು. ಬಿಡಬೇಕಾದದ್ದು ಅಂದಾಜಿನ ಟಾನಿಕ್ಕನ್ನು, ಅದರೊಡನೆ ಸಾರಾಯಿಯನ್ನು. ರಕ್ತದ ಫೆರಿಟಿನ್ ಪರೀಕ್ಷೆ ದಾಸ್ತಾನಿನ ಸುಳಿವು ಕೊಡುತ್ತದೆ. ಆದರೆ ಉರಿಯೂತದಿಂದಲೂ ಅದು ಏರುವುದರಿಂದ ಅರ್ಥ ಹೇಳಬೇಕಾದವರು ವೈದ್ಯರೇ.

ದ್ರಾಕ್ಷಿ ಎಲೆ ಹಳದಿಯಾದರೆ ತೊಟ್ಟು ಕಿತ್ತು ಪರೀಕ್ಷೆಗೆ ಕಳಿಸುವ ರೈತ, ತನ್ನ ಸುಸ್ತಿಗೂ ಒಂದು ಹನಿ ರಕ್ತದ ಪರೀಕ್ಷೆ ಮಾಡಿಸಿದರೆ ಸಾಕು. ಬಳ್ಳಿಗೆ ಒಪ್ಪುವ ನ್ಯಾಯ ಬೆಳೆಗಾರನಿಗೂ ಒಪ್ಪುತ್ತದೆ.